ಬಾರಾಕಮಾನಿನ ಸಂಜೆಯ ಆಕಾಶ ಉಳಿಯಲಿ

ಮಾನ್ಯರೇ,

ವಿಜಯಪುರದ ಸ್ಮಾರಕಗಳ ಸೌಂದರ್ಯೀಕರಣದ ವರದಿಗಳಲ್ಲಿ ದೀಪ, ಕಾರಂಜಿ, ಉದ್ಯಾನಗಳ ಪ್ರಸ್ತಾಪ ಬರುತ್ತದೆಯೇ ಹೊರತು ಬೆಳಗು ಬೈಗಿನ ಆಕಾಶದ ಮಾತು ಬರುವುದೇ ಇಲ್ಲ.

ಎರಡನೆಯ ಅಲಿ ಆದಿಲ್‌ಶಾಹನ ಗೋರಿಯಾದ ಬಾರಾಕಮಾನ್ ಪೂರ್ಣಗೊಳ್ಳದೆ ಉಳಿದ ಕಟ್ಟಡ. ಮೇಲೆ ಗುಮ್ಮಟವಿಲ್ಲದ ಕಾರಣ ಅದರ ಕಪ್ಪು ಕಲ್ಲಿನ ಕಮಾನುಗಳಿಗೆ ಆಕಾಶವೇ ಚಾವಣಿ. ಮುಳುಗುವ ಸೂರ್ಯನ ಕಿರಣಗಳು ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಬರುವುದರಿಂದ ನೀಲಿ ಬೆಳಕು ಚದುರಿಹೋಗಿ ಕೆಂಪು, ಕಿತ್ತಳೆ ಬಣ್ಣಗಳು ನಮ್ಮ ಕಣ್ಣಿಗೆ ಉಳಿಯುತ್ತವೆ. ಮಳೆ ನಿಂತ ಸಂಜೆ ಒಂದು ಕಮಾನಿನೊಳಗೆ ಕೆಂಡದ ಬಣ್ಣ ತುಂಬಿದ್ದರೆ ಪಕ್ಕದ ಕಮಾನಿನಲ್ಲಿ ಆಗಲೇ ಬೂದು ನೇರಳೆ ಇಳಿದಿರುತ್ತದೆ; ಗಿಳಿಗಳ ಹಿಂಡು ಕಿರುಚುತ್ತ ನಡುವೆ ಹಾದುಹೋಗುತ್ತದೆ. ಬೆಟ್ಟಗುಡ್ಡಗಳ ಅಡ್ಡಿಯಿಲ್ಲದ ನಮ್ಮ ಬಯಲುಸೀಮೆಗೆ ಇಷ್ಟು ಅಗಲವಾದ ಬಾನು ದಕ್ಕಿರುವುದು ನಿಜಕ್ಕೂ ಭಾಗ್ಯ.

ಆದರೆ ಈ ಸೊಬಗು ಇರುವುದು ಸುಮಾರು ಅರ್ಧ ಗಂಟೆ ಮಾತ್ರ. ಅಷ್ಟರಲ್ಲೇ ಪ್ರಖರ ದೀಪಗಳು ಹೊತ್ತಿಕೊಂಡರೆ ಕಣ್ಣು ಕೋರೈಸಿ ಬಣ್ಣಗಳು ಕಾಣುವುದಿಲ್ಲ. ಉಳಿದದ್ದನ್ನು ಫ್ಲೆಕ್ಸ್‌ಗಳು ಮರೆಮಾಡುತ್ತವೆ.

ರಸ್ತೆ ದೀಪಗಳು ಸುರಕ್ಷತೆಗೆ ಬೇಕೇ ಬೇಕು. ಸ್ಮಾರಕಗಳ ಅಲಂಕಾರಿಕ ದೀಪಗಳನ್ನಾದರೂ ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ಹೊತ್ತಿಸಬೇಕು; ಸುತ್ತಮುತ್ತ ಫ್ಲೆಕ್ಸ್ ಕಟ್ಟಲು ಅನುಮತಿ ನೀಡಬಾರದು. ಜೊತೆಗೆ, 1584ರಲ್ಲಿ ಕಟ್ಟಿದ ಉಪಲಿ ಬುರುಜಿಗೆ ಶಾಲೆಯವರು ಮಕ್ಕಳನ್ನು ಒಮ್ಮೆಯಾದರೂ ನಸುಕಿನಲ್ಲಿ ಕರೆದೊಯ್ದು, ಗೋಳಗುಮ್ಮಟದ ದಿಕ್ಕಿನಲ್ಲಿ ಬೆಳಕು ಹರಿಯುವುದನ್ನು ತೋರಿಸುವ ವ್ಯವಸ್ಥೆ ಆಗಲಿ.

– ಓರ್ವ ಓದುಗ, ವಿಜಯಪುರ