ಗುಡ್ಡೆಯ ಕೆಳಗಿನ ಹತ್ತು ಸೆಂಟ್ಸ್ ಜಾಗ

ಪ್ರಿಯ ಗೆಳೆಯಾ,

ನೀನು ಮುಂಗಡ ಕೊಡಬೇಕೆಂದಿರುವ ಹತ್ತು ಸೆಂಟ್ಸ್ ಜಾಗವನ್ನು ಕಳೆದ ಭಾನುವಾರ ನೋಡಿ ಬಂದೆ. ರಸ್ತೆಯಿದೆ, ಬಾವಿಯಿದೆ, ಕಾಸರಗೋಡಿನ ಈ ಭಾಗದಲ್ಲಿ ಅಷ್ಟು ಅಗ್ಗಕ್ಕೆ ಬೇರೆ ಸಿಗದು ಎಂದು ದಲ್ಲಾಳಿ ಹೇಳಿದ್ದು ಸುಳ್ಳಲ್ಲ. ಮೇಲಿನ ಗುಡ್ಡೆಯಲ್ಲಿ ವರ್ಷಗಳಿಂದ ಕಸ ಸುರಿಯುತ್ತಿರುವ ಸಂಗತಿಯನ್ನು ಮಾತ್ರ ಅವನು ನಿನಗೆ ಹೇಳಿದಂತಿಲ್ಲ.

ನಮ್ಮದು ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಜಂಬಿಟ್ಟಿಗೆಯ ನೆಲ. ಆ ಕಲ್ಲಿನಲ್ಲಿ ನೀರು ಸುಲಭವಾಗಿ ಇಳಿದು ಒಸರುತ್ತದೆ ಎಂಬ ಕಾರಣಕ್ಕೇ ನಮ್ಮ ಹಿರಿಯರು ಗುಡ್ಡೆಗೆ ಸುರಂಗ ಕೊರೆದು ತೋಟಕ್ಕೆ ನೀರು ತಂದರು. ಕೆಳಗೆ ಯಾವ ಹಾಸೂ ಇಲ್ಲದೆ ಸುರಿದ ಕಸದ ಮೇಲೆ ಮಳೆ ಬಿದ್ದಾಗ ಹೊರಡುವ ಕಪ್ಪು ನೀರು ಹಿಡಿಯುವುದೂ ಅದೇ ದಾರಿಯನ್ನು. ಅದರಲ್ಲಿ ಅಮೋನಿಯಾ ಇರುತ್ತದೆ. ಹಳೆಯ ಬ್ಯಾಟರಿಗಳೂ ಬಣ್ಣದ ಡಬ್ಬಿಗಳೂ ಸೇರಿದ್ದರೆ ಸೀಸದಂತಹ ಲೋಹಗಳೂ ಇರಬಹುದು. ಕುದಿಸಿ ಕುಡಿದರಾಯಿತು ಎಂದು ನೀನು ಹೇಳುವೆಯೆಂದು ಬಲ್ಲೆ. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಸೀಸ ಹೋಗುವುದಿಲ್ಲ.

ರಾಶಿಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಿದ್ದ ಹೆಂಗಸೊಬ್ಬರನ್ನು ಮಾತನಾಡಿಸಿದೆ. ಕೈಗೆ ಒಂದೆರಡು ಸಲ ಸೂಜಿ ಚುಚ್ಚಿದೆಯಂತೆ. ಗ್ಲೌಸ್ ಹಾಕಿದರೆ ಬೆವರಿಗೆ ಜಾರುತ್ತದೆ ಎಂದು ಬರಿಗೈಯಲ್ಲೇ ಇದ್ದರು. ಬೇಸಿಗೆಯಲ್ಲಿ ರಾಶಿಯೊಳಗಿಂದ ತಾನಾಗಿಯೇ ಹೊಗೆ ಏಳುತ್ತದೆ, ಆ ದಿನಗಳಲ್ಲಿ ರಾತ್ರಿಯಿಡೀ ಕೆಮ್ಮು ಎಂದರು. ಗಾಳಿಯಾಡದೆ ಕೊಳೆಯುವ ಕಸದಿಂದ ಮೀಥೇನ್ ಹುಟ್ಟುವುದರಿಂದ ಒಮ್ಮೆ ಹತ್ತಿದ ಬೆಂಕಿ ಬೇಗ ಆರುವುದಿಲ್ಲ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿ ಹತ್ತು ದಿನಕ್ಕೂ ಹೆಚ್ಚು ಕಾಲ ಉರಿದು, ನಗರವೇ ಮಾಸ್ಕ್ ಹಾಕಿಕೊಳ್ಳಬೇಕಾದದ್ದನ್ನು ನೀನೂ ಟಿವಿಯಲ್ಲಿ ನೋಡಿರುತ್ತೀ. ಆ ಹೆಂಗಸು ಕುಡಿಯುವ ನೀರನ್ನು ಮನೆಯಿಂದಲೇ ಬಾಟಲಿಯಲ್ಲಿ ತರುತ್ತಾರೆ. ನಿನ್ನ ಬಾವಿ ಅವರಿಗೆ ಕೂಗಳತೆಯಲ್ಲಿದೆ.

ಇಳಿಜಾರಿನ ಮಾತೂ ಇದೆ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜರಿದು ಮಂದಾರ ಎಂಬ ಊರಿನ ಮನೆಗಳನ್ನೂ ತೆಂಗು-ಕಂಗಿನ ತೋಟಗಳನ್ನೂ ಮುಚ್ಚಿತು. ನಮ್ಮ ಗುಡ್ಡೆಯ ರಾಶಿ ಅಷ್ಟು ದೊಡ್ಡದಲ್ಲ, ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೂ ಇಲ್ಲಿ ತಡೆಗೋಡೆ ಎಂಬುದು ನಾಲ್ಕು ಸಾಲು ಕಲ್ಲು ಅಷ್ಟೆ.

ಬಾವಿಯ ನೀರು ಈಗ ತಿಳಿಯಾಗಿಯೇ ಇದೆ, ನಾನೇ ಸೇದಿ ನೋಡಿದೆ. ಮಳೆ ಹಿಡಿದ ಮೇಲೆ ಇನ್ನೊಮ್ಮೆ ಸೇದಿ ಲ್ಯಾಬಿಗೆ ಕೊಡೋಣ. ರೋಗಾಣುವಿನ ಜೊತೆಗೆ ಅಮೋನಿಯಾ, ನೈಟ್ರೇಟ್, ಸೀಸಗಳನ್ನೂ ನೋಡಿಸಬೇಕು. ದಲ್ಲಾಳಿಗೆ ಈ ತಿಂಗಳೊಳಗೇ ಉತ್ತರ ಬೇಕಂತೆ. ಆಟಿ ತಿಂಗಳ ಮಳೆ ಕಳೆಯಲಿ ಎಂದು ಹೇಳು.

ನಿನ್ನ,
ಗೆಳೆಯ