ಕೇಳದೆ ತಳ್ಳಿಹಾಕಬೇಡಿ: ಒಂದು ಮೊದಲ ಆಲ್ಬಂನ ಸೆಳೆತ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಕಾಲೇಜು ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಡೆತ್ ಮೆಟಲ್ ಎಂಬ ಬಿರುಸಿನ ರಾಕ್ ಸಂಗೀತವನ್ನು ‘ತಲೆಬುಡವಿಲ್ಲದ ಅರಚಾಟ’ ಎಂದು ಕರೆದ ಪತ್ರವೊಂದು ಇತ್ತೀಚೆಗೆ ನಿಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾಗಿತ್ತು. ಪತ್ರ ಬರೆದವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಸಂಗೀತವನ್ನೇ ಆಗಲಿ ಅಳೆಯಹೊರಟಾಗ ಅದರ ಒಂದು ಒಳ್ಳೆಯ ಕೃತಿಯನ್ನಾದರೂ ಪೂರ್ತಿ ಕೇಳಿರಬೇಕು. ಆ ಕಾರಣಕ್ಕೆ, ಈ ಪ್ರಕಾರದಲ್ಲೇ ‘ಟೆಕ್ನಿಕಲ್’ (ವಾದನ ಕೌಶಲಕ್ಕೆ ಒತ್ತು ಕೊಡುವ) ಎಂದು ಕರೆಸಿಕೊಳ್ಳುವ ಕವಲಿಗೆ ಸೇರಿದ, ಸಿನಿಕ್ ಎಂಬ ಅಮೆರಿಕನ್ ತಂಡದ ಮೊದಲ ಆಲ್ಬಂ ‘ಫೋಕಸ್’ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಯಾಮಿಯಲ್ಲಿ 1987ರಲ್ಲಿ ಕಟ್ಟಿಕೊಂಡ ಈ ತಂಡದ ಆಲ್ಬಂ ಹೊರಬಂದದ್ದು 1993ರ ಸೆಪ್ಟೆಂಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಅವರು ಒಂದರ ಹಿಂದೊಂದು ಡೆಮೊ (ಮಾದರಿ) ಕ್ಯಾಸೆಟ್ ಮಾಡಿದರು. ಗಿಟಾರ್ ವಾದಕ ಪಾಲ್ ಮಾಸ್ವಿಡಾಲ್ ಮತ್ತು ಡ್ರಮ್ ವಾದಕ ಶಾನ್ ರೈನರ್ಟ್, ಆಗಲೇ ಹೆಸರು ಮಾಡಿದ್ದ ‘ಡೆತ್’ ಎಂಬ ತಂಡದ 1991ರ ‘ಹ್ಯೂಮನ್’ ಆಲ್ಬಂನಲ್ಲಿ ನುಡಿಸಿ ಬಂದರು. ಇನ್ನೇನು ತಮ್ಮ ಆಲ್ಬಂ ಧ್ವನಿಮುದ್ರಿಸಬೇಕೆನ್ನುವಾಗ, 1992ರ ಆಗಸ್ಟ್‌ನಲ್ಲಿ ದಕ್ಷಿಣ ಫ್ಲಾರಿಡಾಕ್ಕೆ ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತ ಅವರ ಅಭ್ಯಾಸದ ಜಾಗವನ್ನೇ ಹಾಳುಗೆಡವಿತು. ಕೆಲಸ ಮುಂದಕ್ಕೆ ಹೋಯಿತು. ಕೊನೆಗೆ ಟ್ಯಾಂಪಾ ನಗರದ ಮೊರಿಸೌಂಡ್ ಸ್ಟುಡಿಯೋದಲ್ಲಿ, ಆ ಕಾಲದ ಅನೇಕ ಡೆತ್ ಮೆಟಲ್ ತಂಡಗಳ ಹಾಡುಗಳನ್ನು ಧ್ವನಿಮುದ್ರಿಸಿದ ಸ್ಕಾಟ್ ಬರ್ನ್ಸ್ ಅವರ ಉಸ್ತುವಾರಿಯಲ್ಲಿ ಎಂಟು ಹಾಡುಗಳು ಸಿದ್ಧವಾದವು. ಎಲ್ಲ ಸೇರಿ ಸುಮಾರು 36 ನಿಮಿಷ, ಅಷ್ಟೇ.

ಈ ಕಾಯುವಿಕೆಯಲ್ಲೇ ಆಲ್ಬಂನ ಸೆಳೆತದ ಗುಟ್ಟಿದೆ ಎಂಬುದು ನನ್ನ ಅನಿಸಿಕೆ. ‘ಯೂರೊಬೋರಿಕ್ ಫಾರ್ಮ್ಸ್’ ಎಂಬ ಹಾಡು 1991ರ ಡೆಮೊದಲ್ಲೂ ಇದೆ, ಆಲ್ಬಂನಲ್ಲೂ ಇದೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಡೆಮೊದಲ್ಲಿ ಅದು ಹುರುಪಿನ, ಕಚ್ಚಾ, ಎಲ್ಲ ವಾದ್ಯಗಳೂ ಒಟ್ಟಿಗೇ ಮುನ್ನುಗ್ಗುವ ಹಾಡು. ಆಲ್ಬಂಗೆ ಬರುವ ಹೊತ್ತಿಗೆ ಅದರ ಅಸ್ಥಿಪಂಜರ ಹಾಗೆಯೇ ಉಳಿದು, ವಾದ್ಯಗಳ ನಡುವೆ ಗಾಳಿಯಾಡುವಷ್ಟು ಜಾಗ ಮೂಡಿದೆ. ಹದಿಹರೆಯದಲ್ಲಿ ಕಟ್ಟಿದ್ದನ್ನು ಬಿಸಾಡದೆ, ಜಾಝ್ ಫ್ಯೂಷನ್ (ಜಾಝ್ ಮತ್ತು ರಾಕ್ ಬೆರೆತ ಸಂಗೀತ) ಕೇಳಿ ಬೆಳೆದ ಕಿವಿಯಿಂದ ಮತ್ತೆ ಮತ್ತೆ ತಿದ್ದಿದ ಗುರುತು ಅದು. ಎರಡನೆಯ ಆಲ್ಬಂ ಹೊತ್ತಿಗೆ ಸಾಮಾನ್ಯವಾಗಿ ಕಂಪನಿಯ ಗಡುವು ತಲೆಯ ಮೇಲಿರುತ್ತದೆ. ಹಾಡಿನೊಂದಿಗೆ ಇಷ್ಟು ವರ್ಷ ಒಡನಾಡುವ ಭಾಗ್ಯ ಕಲಾವಿದರಿಗೆ ಬಹುಮಟ್ಟಿಗೆ ಮೊದಲನೆಯದರಲ್ಲೇ ಸಿಗುವುದು.

‘ಟೆಕ್ನಿಕಲ್’ ಎಂದರೆ ವೇಗ ಎಂದು ಅನೇಕ ಅಭಿಮಾನಿಗಳೂ ತಿಳಿದಿದ್ದಾರೆ. ವೇಗವೇ ಬೇಕಿದ್ದರೆ ಇದಕ್ಕಿಂತ ವೇಗದ ತಂಡಗಳು ಎಷ್ಟೋ ಇವೆ. ರೈನರ್ಟ್ ಅವರ ಕೈಚಳಕ ಇರುವುದು ಲೆಕ್ಕಾಚಾರದಲ್ಲಿ: ಕಾಲಿನ ಎರಡು ಪೆಡಲ್‌ಗಳು ಗಿಟಾರಿನ ನಡೆಯನ್ನು ಅಕ್ಷರಶಃ ಹಿಂಬಾಲಿಸುತ್ತಿರುವಾಗಲೇ, ಬಲಗೈ ಸಿಂಬಲ್ ಮೇಲೆ ಬೇರೆಯೇ ಒಂದು ಹಗುರವಾದ ನಡೆಯನ್ನು ಕಟ್ಟುತ್ತಿರುತ್ತದೆ. ಯಕ್ಷಗಾನ ನೋಡುವ ನಮ್ಮ ತೀರ್ಥಹಳ್ಳಿ, ಸಾಗರ, ಹೊಸನಗರದವರಿಗೆ ಇದು ತೀರಾ ಅಪರಿಚಿತವಾಗಬೇಕಿಲ್ಲ. ದೂರದ ಗದ್ದೆಯಂಚಿನಿಂದ ಕೇಳಿದಾಗ ಚಂಡೆ ಬರೀ ಸದ್ದು. ರಂಗಸ್ಥಳದ ಮುಂದೆ ಕೂತವನಿಗೆ ಮಾತ್ರ ಬಿಡ್ತಿಗೆ ಎಂಬ ತಾಳವರಸೆ ಎಲ್ಲಿ ಎದ್ದಿತು, ಎಲ್ಲಿ ಇಳಿಯಿತು ಎಂಬುದು ತಿಳಿಯುತ್ತದೆ.

ಶಾನ್ ಮಲೋನ್ ಅವರ ಬಾಸ್ ಗಿಟಾರನ್ನು ಬೇರೆಯಾಗಿಯೇ ಹೇಳಬೇಕು. ಈ ಪ್ರಕಾರದಲ್ಲಿ ಬಾಸ್ ಎಂಬುದು ಸಾಮಾನ್ಯವಾಗಿ ಗಿಟಾರುಗಳ ಅಡಿಯಲ್ಲಿ ಹೂತುಹೋಗುವ ವಾದ್ಯ. ಇಲ್ಲಿ ಅವರು ಮೆಟ್ಟಿಲುಗಳಿಲ್ಲದ (ಫ್ರೆಟ್‌ಲೆಸ್) ಬಾಸ್ ನುಡಿಸುತ್ತಾರೆ. ಆದ್ದರಿಂದ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಮೆಟ್ಟಿಲಿಲ್ಲದ ವೀಣೆಯಾದ ಗೋಟುವಾದ್ಯ ಕೇಳಿದವರ ಕಿವಿಗೆ ತಟ್ಟನೆ ನಾಟುವಂಥದ್ದು, ಆ ಬಿರುಸಿನ ನಡುವೆಯೂ ಎದ್ದು ಬರುತ್ತದೆ. ಹಾಡುಗಾರಿಕೆಯೇ ಇಲ್ಲದ ‘ಟೆಕ್ಸ್ಚರ್ಸ್’ ಕೃತಿಯಿಂದ ಆರಂಭಿಸುವುದು ಹೊಸಬರಿಗೆ ಸುಲಭ.

ಮಾತು ಅರ್ಥವಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಗಮಕಕ್ಕೆ ಹೆಸರಾದ ಹೊಸಹಳ್ಳಿ ನಮ್ಮ ಜಿಲ್ಲೆಯದು. ಕಾವ್ಯದ ಒಂದೊಂದು ಪದವೂ ಕೇಳುಗನಿಗೆ ಮುಟ್ಟಬೇಕೆಂಬ ನಿರೀಕ್ಷೆ ನಮಗೆ ಸಹಜ. ಆದರೆ ಡೆತ್ ಮೆಟಲ್‌ನಲ್ಲಿ ಗೊಗ್ಗರು ಕಂಠವೂ ಒಂದು ವಾದ್ಯವೇ. ‘ಫೋಕಸ್’ನಲ್ಲಿ ಆ ಕಂಠಕ್ಕೆ ಎದುರಾಗಿ, ದನಿಗೆ ಯಂತ್ರದ ಬಣ್ಣ ಕೊಡುವ ವೊಕೊಡರ್ ಎಂಬ ಉಪಕರಣದ ಮೂಲಕ ಹಾಯಿಸಿದ ಮಾಸ್ವಿಡಾಲ್ ಅವರ ಮೆಲುದನಿ ಬರುತ್ತದೆ, ಒಂದು ಗದರಿದರೆ ಇನ್ನೊಂದು ತೇಲುತ್ತದೆ. ಈ ವೊಕೊಡರ್ ಕೆಲವೆಡೆ ಅತಿಯಾಯಿತು ಎಂದು ನನಗೂ ಅನ್ನಿಸಿದೆ. ಯಂತ್ರದ ಆ ದನಿಗೆ ಇಂದು ಸ್ವಲ್ಪ ವಯಸ್ಸಾಗಿದೆ. ಡ್ರಮ್ ಮತ್ತು ಬಾಸ್‌ಗಳಿಗೆ ಆಗಿಲ್ಲ.

ಇನ್ನೊಂದು ವಿಷಯ. ಆಲ್ಬಂನ ಮೊದಲ ಹಾಡಿನ ಹೆಸರು ‘ವೇಲ್ ಆಫ್ ಮಾಯಾ’. ಫ್ಲಾರಿಡಾದ ಬಹುಪಾಲು ತಂಡಗಳು ಹೆಣ, ರಕ್ತ ಎನ್ನುತ್ತಿದ್ದಾಗ ಇವರು ಮಾಯೆಯ ಮುಸುಕನ್ನು ಕುರಿತು ಬರೆದರು. ಶೃಂಗೇರಿ ಇರುವ ಮಲೆನಾಡಿನವರಾದ ನಮಗೆ ‘ನೋಡಿ, ಅಮೆರಿಕದವರೂ ಒಪ್ಪಿದರು’ ಎಂದು ಎದೆಯುಬ್ಬಿಸುವ ಚಪಲ ಬರಬಹುದು. ದಯವಿಟ್ಟು ಬೇಡ. ಅದ್ವೈತದ ಪ್ರಮಾಣಪತ್ರ ಸಿಕ್ಕಿತೆಂದು ಮೆಚ್ಚುವುದೂ ಅರಚಾಟವೆಂದು ತಳ್ಳುವುದೂ, ಹಾಡನ್ನು ಕೇಳದೆಯೇ ಮಾಡಬಹುದಾದ ಕೆಲಸಗಳು.

ಅಂದಿನ ಮೆಟಲ್ ಕೇಳುಗರೂ ಈ ಆಲ್ಬಂ ಅನ್ನು ಕೈಯೆತ್ತಿ ಸ್ವಾಗತಿಸಲಿಲ್ಲ. ಒರಟು ಸಂಗೀತ ಬಯಸಿ ಬಂದವರಿಗೆ ಇದು ತೀರಾ ನಯವೆನಿಸಿತು, ನಯ ಬಯಸುವವರು ಹತ್ತಿರವೇ ಸುಳಿಯಲಿಲ್ಲ. 1994ರಲ್ಲಿ ತಂಡ ಒಡೆಯಿತು. ಬಾಯಿಂದ ಬಾಯಿಗೆ ಹಬ್ಬಿದ ಹೆಸರಿನಿಂದ 2004ರಲ್ಲಿ ಆಲ್ಬಂ ಮರುಬಿಡುಗಡೆಯಾಯಿತು, 2006ರಲ್ಲಿ ತಂಡ ಮತ್ತೆ ಸೇರಿತು, ಎರಡನೆಯ ಆಲ್ಬಂ ಬಂದದ್ದು 2008ರಲ್ಲಿ. ರೈನರ್ಟ್ ಮತ್ತು ಮಲೋನ್ ಇಬ್ಬರೂ 2020ರಲ್ಲಿ ತೀರಿಕೊಂಡರು. ಆ ಸುದ್ದಿಗೆ ಕನ್ನಡ ಪತ್ರಿಕೆಗಳಲ್ಲಿ ನಾಲ್ಕು ಸಾಲಿನ ಜಾಗವೂ ಸಿಕ್ಕಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ನನ್ನ ಕೋರಿಕೆ ಇಷ್ಟೇ. ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಸಿನಿಮಾ ಹಾಡುಗಳಿಗೆ ಅರ್ಧ ಪುಟ ಮೀಸಲಿದೆ. ಅದರಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಒಂದು ಆಲ್ಬಂ ಬಗ್ಗೆ, ತಾಳ ಸ್ವರಗಳ ಪರಿಚಯವಿರುವ ಯಾರಿಂದಲಾದರೂ ಒಂದು ಅಂಕಣ ಬರೆಸಿ. ಹುಡುಗರ ಇಯರ್‌ಫೋನಿನೊಳಗೆ ಏನಿದೆಯೆಂದು ಮನೆಯ ಹಿರಿಯರಿಗೆ ತಿಳಿಯುತ್ತದೆ. ತಾವು ಕೇಳುತ್ತಿರುವುದರಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಹುಡುಗರಿಗೂ ಯಾರಾದರೂ ಹೇಳಬೇಕಲ್ಲ.

ಇಂತಿ,
ಒಬ್ಬ ಓದುಗ, ತೀರ್ಥಹಳ್ಳಿ