ಮಂಜನಿಗೆ, ಕೆಲಸದ ವಿಷಯವಾಗಿ

ಮಂಜಾ,

ನಿನ್ನ ಮೆಸೇಜಿಗೆ ಅಲ್ಲೇ ಉತ್ತರ ಬರೆದಿದ್ದರೆ ನೀನು ಎರಡು ಸಾಲು ಓದಿ ಸುಮ್ಮನಾಗುತ್ತಿದ್ದೆ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಇನ್ನು ಪೂರ್ತಿ ಓದದೆ ವಿಧಿಯಿಲ್ಲ, ಜನ ನೋಡುತ್ತಿದ್ದಾರೆ.

ನೀನು ಕೇಳಿದ್ದು ಇಷ್ಟೇ. "ಸ್ಪೆಷಲ್ ಬಿ.ಎಡ್. ಮುಗೀತಾ ಬಂತಲ್ಲ, ಇದಕ್ಕೆ ಕೆಲಸ ಸಿಗುತ್ತೇನೇ?" ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸುವವರ ಈ ಓದಿಗೆ ನಿನ್ನ ಅತ್ತಿಗೆಯ ತಂಗಿಯೂ ಸೇರಬೇಕು ಅಂತಿದ್ದಾಳಂತೆ. ಆದ್ದರಿಂದ ಮೊದಲು ಉಪಯೋಗಕ್ಕೆ ಬರುವ ಮಾತು.

ಸಿಗುತ್ತೆ. ಕಾಗದದ ಮೇಲಂತೂ ಧಾರಾಳವಾಗಿ ಸಿಗುತ್ತೆ. 2021ರಲ್ಲಿ ಸುಪ್ರೀಂ ಕೋರ್ಟು ಒಂದು ಲೆಕ್ಕ ಹೇಳಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಅಂತ. ಅದನ್ನು ಹಿಡಿದುಕೊಂಡು ನಮ್ಮ ಕ್ಲಾಸಿನವರು ಕ್ಯಾಂಟೀನಿನಲ್ಲಿ ಕೂತು ಇಡೀ ರಾಜ್ಯಕ್ಕೆ ಎಷ್ಟು ಪೋಸ್ಟ್ ಬೇಕು ಅಂತ ಗುಣಿಸಿದೆವು. ಕಾಫಿ ಆರುವವರೆಗೆ ನಾವೆಲ್ಲ ಸರ್ಕಾರಿ ನೌಕರರು.

ಈಗ ನಿಜವಾಗಿ ಇರುವುದು ನೋಡು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರಿದ್ದಾರೆ. ಬಿಆರ್‌ಸಿಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಹಾಜರಿ ಹಾಕಿ ತಾಲೂಕಿನ ಶಾಲೆಗಳನ್ನೆಲ್ಲ ಸುತ್ತುವವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುವವರು. ಜಿಲ್ಲಾ ಮಟ್ಟದಲ್ಲಿ ಚಿಕ್ಕಮಕ್ಕಳ ತೊಂದರೆಗಳನ್ನು ಬೇಗ ಗುರುತಿಸುವ ಕೇಂದ್ರಗಳಿವೆ, ಅಲ್ಲೂ ನಮ್ಮಂಥವರ ಜಾಗ ಇದೆ. ಸಿಬಿಎಸ್‌ಇ ಶಾಲೆಗಳು ಸ್ಪೆಷಲ್ ಎಜುಕೇಟರ್ ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ. ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿವೆ, ಅಲ್ಲಿ ಕಲಿಯೋದು ಜಾಸ್ತಿ, ಸಂಬಳ ಕೇಳಬೇಡ. ಬೆಂಗಳೂರಿನಲ್ಲಿ ಶ್ಯಾಡೋ ಟೀಚರ್ ಅಂತ ಒಂದಿದೆ, ಕ್ಲಾಸಿನಲ್ಲಿ ಒಂದೇ ಮಗುವಿನ ಪಕ್ಕ ಕೂತು ಪಾಠದ ಜೊತೆ ಓಡಿಸುವುದು. ಎಲ್ಲದಕ್ಕೂ ಮೊದಲು ಆರ್‌ಸಿಐ ನೋಂದಣಿ ಆಗಬೇಕು. 1992ರ ಕಾಯ್ದೆಯಿಂದ ಬಂದ ಭಾರತೀಯ ಪುನರ್ವಸತಿ ಪರಿಷತ್ತು ಅದು. ಅವರು ಕೊಡುವ ನಂಬರ್ ಇಲ್ಲದಿದ್ದರೆ ಈ ವೃತ್ತಿ ಮಾಡುವ ಹಾಗೇ ಇಲ್ಲ. ನಂಬರ್ ಬಂದಮೇಲೂ ಸುಮ್ನೆ ಕೂರುವ ಹಾಗಿಲ್ಲ, ನವೀಕರಿಸಬೇಕು, ತರಬೇತಿಗಳಿಗೆ ಹೋಗಿ ಪಾಯಿಂಟ್ ಗಳಿಸಬೇಕು. ನಿನ್ನ ಅತ್ತಿಗೆಯ ತಂಗಿ ಕಾಲೇಜು ಹುಡುಕುವಾಗ ಕಟ್ಟಡ ನೋಡುವುದು ಬೇಡ, ಆರ್‌ಸಿಐ ಮಾನ್ಯತೆ ಇದೆಯಾ ನೋಡಲಿ.

ಇನ್ನೊಂದು ಹೇಳಿಬಿಡು. ಸೇರುವಾಗಲೇ ವಿಭಾಗ ಆರಿಸಬೇಕು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಆಟಿಸಂ, ಹೀಗೆ. ನನ್ನದು ಬೌದ್ಧಿಕ ಅಸಾಮರ್ಥ್ಯ. ಆದರೂ ಮೈಸೂರಿನಲ್ಲಿ ಯಾವ ಮದುವೆಗೆ ಹೋದರೂ "ಬ್ರೈಲ್ ಬರುತ್ತಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ "ಹಾಗಾದ್ರೆ ಕೈಸನ್ನೆ ಭಾಷೆನಾ?" ಅದೂ ಇಲ್ಲ ಅಂದರೆ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಮರುಕ ಕಾಣುತ್ತೆ. ಆಮೇಲೆ ಎಲ್ಲರೂ ಕೊನೆಗೆ ಹೇಳುವುದು ಒಂದೇ. "ಪುಣ್ಯದ ಕೆಲಸ ಬಿಡಮ್ಮ." ಬಾಡಿಗೆ ಕಟ್ಟಲು ಪುಣ್ಯ ತೆಗೆದುಕೊಳ್ಳುವ ಮನೆ ಓನರ್ ಇನ್ನೂ ಸಿಕ್ಕಿಲ್ಲ.

ಓದು ಹೇಗಿದೆ ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ.

ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ನನಗೆ ಬಂದದ್ದು ದುಡ್ಡಿನ ಪಾಠ. ಹದಿಮೂರು ವರ್ಷದ ಹುಡುಗ, ಹತ್ತರ ನೋಟು ಗುರುತಿಸಬೇಕು. ಆಟದ ನೋಟು ಬೇಡ, ಚಿತ್ರವೂ ಬೇಡ, ಮೊದಲು ನಿಜವಾದ ನೋಟೇ ಕೈಗೆ ಕೊಡಬೇಕು ಅಂತ ನಮ್ಮ ಮೇಡಂ ಕಡ್ಡಾಯ ಮಾಡಿದ್ದರು. ಕೊಟ್ಟೆ. ಹತ್ತು ಯಾವುದು ಅಂದರೆ ಕಂದು ಬಣ್ಣದ್ದನ್ನು ಎತ್ತುತ್ತಿದ್ದ, ನೂರು ಅಂದರೆ ನೇರಳೆ. ಐವತ್ತು, ಇನ್ನೂರು ಇಟ್ಟು ಕೆಣಕಿದರೂ ತಪ್ಪುತ್ತಿರಲಿಲ್ಲ. ಆಮೇಲೆ ಅಂಗಡಿಗೆ ಕರೆದುಕೊಂಡು ಹೋದೆವು, ಅದೂ ಪಾಠದ ಭಾಗವೇ. ಅಂಗಡಿಯವರು ಚಿಲ್ಲರೆ ಅಂತ ಹಳೇ ಸರಣಿಯ ಹತ್ತು ರೂಪಾಯಿ ಕೊಟ್ಟರು. ಹುಡುಗ ಅದನ್ನು ತಿರುಗಿಸಿ ನೋಡಿ ಗಲ್ಲಾಪೆಟ್ಟಿಗೆಯ ಮೇಲೆ ವಾಪಸ್ ಇಟ್ಟ. ಕಂದು ಅಲ್ಲವಲ್ಲ! ಆಮೇಲೆ ಹತ್ತರ ನಾಣ್ಯ ಬಂತು. ಅದು ಇನ್ನೊಂದೇ ಲೋಕ. ಕ್ಲಾಸಿನಲ್ಲಿ ಕಲಿತದ್ದು ಬೀದಿಯಲ್ಲೂ ನಡೆಯುವ ಹಾಗೆ ಮಾಡುವುದೇ ಈ ಕೆಲಸದ ಅರ್ಧ. ಅದೇ ಕಷ್ಟದ ಅರ್ಧ. ನಮ್ಮ ರಿಸರ್ವ್ ಬ್ಯಾಂಕಿನವರು ಬಣ್ಣ ಬದಲಾಯಿಸುವಾಗ ಆ ಹುಡುಗನನ್ನು ಒಂದು ಮಾತು ಕೇಳಬಹುದಿತ್ತು.

ಈ ಓದಿನ ದೊಡ್ಡ ಪಾಠ ಏನು ಗೊತ್ತಾ? ನಾವು ಬೇಡವಾಗಬೇಕು. ಅಂಗಿ ಗುಂಡಿ ಹಾಕೋದು ಕಲಿಸುವಾಗ ಮೊದಲು ಮಗುವಿನ ಕೈ ಹಿಡಿದು ಹಾಕಿಸುತ್ತೇವೆ. ಆಮೇಲೆ ಮೊಣಕೈ ಮಾತ್ರ ಮುಟ್ಟುತ್ತೇವೆ. ಆಮೇಲೆ ಬೆರಳಲ್ಲಿ ತೋರಿಸುತ್ತೇವೆ. ಆಮೇಲೆ ಸುಮ್ಮನೆ ನೋಡುತ್ತೇವೆ. ಕೊನೆಗೆ ಆಚೆ ಹೋಗುತ್ತೇವೆ. ಫೇಡಿಂಗ್ ಅಂತಾರೆ. ಪರೀಕ್ಷೆಯಲ್ಲಿ ಐದು ಅಂಕ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಯುಗಾದಿಗೆ ಊರಿಗೆ ಹೋಗಿದ್ದೆ. ಅಜ್ಜಿಮನೆಗೆ, ಹೊಳೆನರಸೀಪುರದ ಕಡೆ. ನಿನಗೆ ಶಿವು ಮಾವ ಗೊತ್ತಲ್ಲ. ನೀನು ಬಂದಾಗ ನಿನ್ನ ಹೆಲ್ಮೆಟ್ ಹಾಕಿಕೊಂಡು ಸಂಜೆವರೆಗೂ ತೆಗೆಯದವನು. ನನಗಿಂತ ಹದಿನೈದು ವರ್ಷ ದೊಡ್ಡವನು. ಶಾಲೆಗೆ ಎರಡನೇ ಕ್ಲಾಸಿನವರೆಗೆ ಹೋದನಂತೆ, ಮೇಷ್ಟ್ರು "ಇವನ್ನ ಮನೇಲೇ ಇಟ್ಕೊಳ್ಳಿ" ಅಂದರಂತೆ. ಇಟ್ಟುಕೊಂಡರು. ಈಗ 75% ಅಸಾಮರ್ಥ್ಯ ಅಂತ ಬರೆದ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇದೆ, ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ.

ದೊಡ್ಡ ಮಾವನಿಗೆ ಎಲ್ಲರೂ "ಬನ್ನಿ, ಕೂತ್ಕೊಳ್ಳಿ". ಶಿವು ಮಾವನಿಗೆ ಮೂರನೇ ಕ್ಲಾಸಿನ ಪಾಪು ಕೂಡ "ಬಾರೋ". ವಯಸ್ಸಿಗೆ ತಕ್ಕ ಹಾಗೆ ನಡೆಸಿಕೊಳ್ಳಿ ಅಂತ ನಾನು ಬೇರೆಯವರ ಮನೆಯಲ್ಲಿ ಭಾಷಣ ಬಿಗಿಯುವವಳು, ಈ ಸಲ "ಬನ್ನಿ ಮಾವ, ಊಟಕ್ಕೆ" ಅಂದು ನೋಡಿದೆ. ಗೇಲಿ ಮಾಡ್ತಿದ್ದೀನಿ ಅಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಈಗ ಅವನೂ ನನಗೆ "ಬನ್ನಿ" ಅಂತಾನೆ, ಕರುವಿಗೂ "ಬನ್ನಿ" ಅಂತಾನೆ.

ಹೊಸತೊಡಕಿನ ಊಟ ಆಗಿತ್ತು. ಎಲ್ಲರೂ ಜಗುಲಿಯಲ್ಲಿ ಎಲೆಅಡಿಕೆ ಹಿಡಿದು ಕೂತಿದ್ದರು. ಅಜ್ಜಿಯ ಮಂಡಿನೋವಿನ ಮಾತು ಬಂತು, ವಯಸ್ಸಿನ ಮಾತು ಬಂತು. ಆಗ ದೊಡ್ಡ ಮಾವ ಅಂದರು: "ಇನ್ನೇನು ಯೋಚ್ನೆ ಬಿಡ್ರಪ್ಪ. ಅಮ್ಮ ಆದ್ಮೇಲೆ ಶಿವೂನ ನೋಡ್ಕೊಳೋಕೆ ಮನೇಲೇ ಓದ್ದೋಳು ಇದ್ದಾಳಲ್ಲ." ಚಿಕ್ಕಮ್ಮ "ಅದೇ ಮತ್ತೆ" ಅಂದರು. ಎಲ್ಲರಿಗೂ ಒಂದು ಭಾರ ಇಳಿದ ಹಾಗೆ ಕಂಡಿತು. ಹೊಸ ವಿಷಯ ಏನೂ ಅಲ್ಲ, ಯಾವಾಗಲೋ ತೀರ್ಮಾನ ಆಗಿದ್ದನ್ನು ನನ್ನ ಮುಂದೆ ಹೇಳಿದ್ದು ಅವತ್ತು, ಅಷ್ಟೇ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅಡಿಕೆ ಕತ್ತರಿಸುತ್ತಿದ್ದಳು. ಬೇಡ ಅನ್ನಲಿಲ್ಲ.

ಮಂಜಾ, ನನಗೆ ಸಿಟ್ಟು ಬಂತು. ಯಾಕೆ ಅಂತ ವಾರಗಟ್ಟಲೆ ತಿಳಿಯಲಿಲ್ಲ.

ಮನೆ ಭೇಟಿಗೆ ಹೋದಾಗ ಎಲ್ಲ ತಾಯಂದಿರೂ ಟೀ ಕೊಟ್ಟು, ಮಗು ಆಚೆ ಹೋಗಲಿ ಅಂತ ಕಾದು, ಕೇಳುವುದು ಒಂದೇ. "ನಾವು ಹೋದ ಮೇಲೆ ಇವನ ಗತಿ?" ನನ್ನ ಹತ್ತಿರ ಉತ್ತರ ಸಿದ್ಧ ಇರುತ್ತೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆಯಮ್ಮ. ಹದಿನೆಂಟು ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು, ಅದಕ್ಕೆ ಪ್ರತಿ ಜಿಲ್ಲೆಯಲ್ಲಿ ಡಿಸಿ ನೇತೃತ್ವದ ಸಮಿತಿ ಇರುತ್ತೆ. ನಿರಾಮಯ ಅಂತ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಮೇಲೆ ಪೋಷಕರು ಅಂದರೆ ಎಲ್ಲ ತೀರ್ಮಾನ ಅವರದೇ ಅಂತಲ್ಲ, ಆ ವ್ಯಕ್ತಿಯ ಜೊತೆ ಮಾತಾಡಿ, ಸೇರಿ ತೀರ್ಮಾನ ಮಾಡಬೇಕು. ಹೀಗೆ ಗಡಗಡ ಹೇಳಿ, ನೋಟ್ ಬರೆದುಕೊಂಡು, ಫ್ರೀ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. (ನಮ್ಮ ಕ್ಲಾಸಿನ ಹುಡುಗರು ಶಕ್ತಿ ಯೋಜನೆ ಬಗ್ಗೆ ಏನಂತಾರೆ ಅನ್ನೋದು ಬೇರೆ ಪತ್ರ.)

ಇಂಟರ್ನಲ್ಸ್‌ನಲ್ಲಿ ಪೋಷಕತ್ವದ ಬಗ್ಗೆ ಹತ್ತು ಅಂಕಕ್ಕೆ ಬಂದಿತ್ತು. "ಸಾಮಾನ್ಯವಾಗಿ ಪೋಷಕರಾಗಿ ತಂದೆ, ತಾಯಿ ಅಥವಾ ಹತ್ತಿರದ ಸಂಬಂಧಿ" ಅಂತ ಬರೆಯುವಾಗ ಪೆನ್ನು ನಿಂತಿತು. ಹತ್ತಿರದ ಸಂಬಂಧಿ ಅಂದರೆ ನಾನೇ ಅಲ್ವಾ. ಒಂಬತ್ತು ಅಂಕ ಬಂತು.

ಇಷ್ಟು ಬರೆದಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಶಾಲೆಗೆ ಅರ್ಜಿ ಹಾಕಿದ್ದೇನೆ, ರಿಸೋರ್ಸ್ ರೂಮಿಗೆ, ಅಂದರೆ ಇಂಥ ಮಕ್ಕಳಿಗೆ ಬೇರೆಯಾಗಿ ಕಲಿಸುವ ಕೋಣೆಗೆ. ಹಾಸನದಲ್ಲೂ ಒಂದು ಜಾಗ ಇತ್ತು. ನಮ್ಮ ಮೇಡಂಗೆ ಸಂಬಳದ ಕಾರಣ ಹೇಳಿದೆ, ಅವರು ಒಪ್ಪಿದರು. ಕಾರಣ ಸಂಬಳ ಅಲ್ಲ ಕಣೋ. ಎರಡರ ನಡುವೆ ಅಂಥಾ ವ್ಯತ್ಯಾಸವೂ ಇಲ್ಲ, ಬಾಡಿಗೆ ಕಳೆದರೆ ಹಾಸನವೇ ವಾಸಿ. ನಾನು ನೋಡಿದ್ದು ಕಿಲೋಮೀಟರ್. ಬೆಳಗ್ಗೆ ಫೋನ್ ಮಾಡಿ "ಶಿವು ಯಾಕೋ ಊಟ ಮಾಡ್ತಿಲ್ಲ, ಸಂಜೆ ಬಂದುಹೋಗು" ಅನ್ನಲು ಆಗದಷ್ಟು ದೂರ ಬೇಕಿತ್ತು.

ಮಾವನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವನು ಅವನೇ, ದೊಡ್ಡ ಮಾವ ಅಲ್ಲ. ಆದರೆ ಮಕ್ಕಳ ಜೊತೆ ದಿನವಿಡೀ ಇರುವ ತಾಳ್ಮೆ ನನಗೆ ಬಂದಿರುವುದು ಸಂಜೆ ಅದು ಮುಗಿಯುತ್ತೆ ಅನ್ನುವ ಧೈರ್ಯದಿಂದಲೇ ಇರಬಹುದು. ಒಬ್ಬ ದೊಡ್ಡ ಮಾವ, ಇಬ್ಬರು ಚಿಕ್ಕಮ್ಮಂದಿರು, ಎರಡು ಟ್ರ್ಯಾಕ್ಟರ್, ಒಂದು ಆರ್‌ಸಿಸಿ ಮನೆ ಇರುವ ಕುಟುಂಬದಲ್ಲಿ ನನ್ನ ಪಾಲಿಗೆ ಬಂದಿರುವುದು ಶಿವು ಮಾವ ಮಾತ್ರ. ಅದೂ ಓದಿದ್ದಕ್ಕೆ. ಕಂಪ್ಯೂಟರ್ ಓದಿದ್ದರೆ ಯಾರ ಪಾಲಿಗೆ ಹೋಗುತ್ತಿತ್ತು?

ಹೊರಡುವ ದಿನ ಮಾವನ ಜೊತೆ ಡೇರಿಗೆ ಹೋದೆ. ಅವನ ಕೆಲಸ ಅದು, ದಿನಕ್ಕೆ ಎರಡು ಹೊತ್ತು. ಕ್ಯಾನಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಹಾಲು ಸೋಸುತ್ತಾನೆ, ಮುಚ್ಚಳ ಹಾಕಿ ಎರಡು ಸಲ ಗುದ್ದುತ್ತಾನೆ, ಪಾಸ್‌ಪುಸ್ತಕವನ್ನು ಬನಿಯನ್ನಿನ ಒಳಗೆ ಇಟ್ಟುಕೊಳ್ಳುತ್ತಾನೆ. ನಮ್ಮ ಒಂದು ಮೌಲ್ಯಮಾಪನದಲ್ಲಿ 18 ವಿಭಾಗ, 360 ಅಂಶ. ಮಾಡಿದರೆ ಎ, ಮಾಡದಿದ್ದರೆ ಬಿ. ದುಡ್ಡಿನಲ್ಲಿ ಮಾವನಿಗೆ ಸಾಲಾಗಿ ಬಿ. ಓದುಬರಹದಲ್ಲೂ ಅಷ್ಟೇ. ಆದರೆ ಅವತ್ತು ಸರದಿಯಲ್ಲಿ ಒಬ್ಬರು ಮುಂದೆ ನುಗ್ಗಿದಾಗ ಅವನು ಕ್ಯಾನನ್ನು ಕಾಲಿನಿಂದ ಅರ್ಧ ಅಡಿ ಮುಂದೆ ಸರಿಸಿ, ಏನೂ ಆಗದ ಹಾಗೆ ಮುಗಿಲು ನೋಡುತ್ತಾ ನಿಂತ. ಅದಕ್ಕೆ ಯಾವ ವಿಭಾಗದಲ್ಲಿ ಎ ಕೊಡೋದು ಹೇಳು.

ವಾಪಸ್ ಬರುವಾಗ ಕೇಳಿಯೇ ಬಿಟ್ಟೆ. ಕಾನೂನೇ ಕೇಳು ಅನ್ನುತ್ತಲ್ಲ. "ಮಾವ, ಅಜ್ಜಿಗೆ ಆಗದೇ ಹೋದ್ರೆ ನನ್ ಜೊತೆ ಬಂದಿರ್ತೀಯಾ?"

ಅವನು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾನ್ ಬಂದ್ರೆ ಡೇರಿಗೆ ಯಾರ್ ಹೋಯ್ತಾರೆ? ನೀನ್ ಹೋಯ್ತೀಯಾ?"

ನಾನು ಇಲ್ಲ ಅಂದೆ.

"ಮತ್ತೆ!" ಅಂದು ಮುಂದೆ ಹೋದ.

ನಿರಾಳ ಆಯಿತು ಅಂತ ಬರೆಯಬೇಕು ಅನಿಸುತ್ತೆ, ಬರೆಯಲ್ಲ. ಅಜ್ಜಿಯ ಮಂಡಿ ಹಾಗೇ ಇದೆ. ಹಸು ಕೂಡ ಎಷ್ಟು ವರ್ಷ ಇರುತ್ತೆ. ಆದರೆ ನಮ್ಮಿಬ್ಬರಲ್ಲಿ ಸದ್ಯಕ್ಕೆ ಕೆಲಸ ಇರುವುದು ಅವನಿಗೇ, ಅರ್ಜಿ ಹಿಡಿದು ಕೂತವಳು ನಾನು.

ಸಾಕು. ಸೆಂಟಿಮೆಂಟ್ ಜಾಸ್ತಿ ಆಯಿತು, ನೀನು ಈಗ "ಏನೇ ಆಯ್ತು ನಿಂಗೆ" ಅಂತ ಫೋನ್ ಮಾಡ್ತೀಯಾ, ಮಾಡಬೇಡ. ಸೋಮವಾರ ವೈವಾ ಇದೆ. ಬೋಧನಾ ಸಾಮಗ್ರಿ ಇನ್ನೂ ಆಗಿಲ್ಲ. ರೂಮಿನ ತುಂಬಾ ಥರ್ಮಾಕೋಲ್ ಚೂರು, ನನ್ನ ತಲೆಯಲ್ಲೂ ಇದೆ, ಹೊರಗೂ ಒಳಗೂ. ಹಣ್ಣುಗಳ ಚಾರ್ಟಿನಲ್ಲಿ ನಾನು ಬರೆದ ಸೀತಾಫಲ ನೋಡಿ ರೂಮ್‌ಮೇಟ್ "ಆಮೆ ಚೆನ್ನಾಗಿ ಬಂದಿದೆ" ಅಂದಳು. ಅತ್ತಿಗೆಯ ತಂಗಿಗೆ ಚಿತ್ರ ಬರೆಯಲು ಬಂದರೆ ಧೈರ್ಯವಾಗಿ ಸೇರಲಿ, ಬರದಿದ್ದರೂ ಸೇರಲಿ. ಮನೆಯವರಿಗೆ ಮಾತ್ರ ಕಂಪ್ಯೂಟರ್ ಕೋರ್ಸು ಅಂತ ಹೇಳಲಿ.

ದೊಡ್ಡ ಮಾವನಿಗೆ ಇದೆಲ್ಲ ಓದಲು ಬರಲ್ಲ, ಅವರ ಮಗನಿಗೆ ಬರುತ್ತೆ. ಪ್ರದೀಪಣ್ಣಾ, ಇಲ್ಲಿಯವರೆಗೂ ಓದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡ. ಹಾಕಿದರೂ ಟ್ರ್ಯಾಕ್ಟರಿನ ಸಾಲು ಕತ್ತರಿಸಿ ಹಾಕು.

ನಿನ್ನ,
ಸವಿ